ಫ್ಯಾನ್ ವಿಮಾನ ಮತ್ತು ಪಕ್ಕದ ಸೀಟಿನ ದರ

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "ದೀಪಾವಳಿ ಮುಗಿಸಿ ಅಮ್ಮನ ಜೊತೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋದೆ. ನಾನು ಒಂದು ಟಿಕೆಟ್‌ಗೆ 6,400 ರೂಪಾಯಿ ಕೊಟ್ಟಿದ್ದೆ. ಪಕ್ಕದ ಹುಡುಗ 2,300 ಕೊಟ್ಟನಂತೆ. ಅದೂ ಬಂದದ್ದು ರೆಕ್ಕೆಗೆ ಫ್ಯಾನ್ ಇರುವ ವಿಮಾನ. ಅಮ್ಮ ಹತ್ತಲು ಹೆದರಿದರು. ಸಣ್ಣ ಊರೆಂದು ನಮಗೆ ಹಳೇ ವಿಮಾನ ಕಳಿಸುತ್ತಾರೆಯೇ? ಒಂದು ರೂಪಾಯಿಗೆ ಹಾರಿಸಿದ ಡೆಕ್ಕನ್ ವಿಮಾನ ಕಂಪನಿ ಎಲ್ಲಿ ಹೋಯಿತು?"

ಸಂಪಾದಕರ ಉತ್ತರ:

ದರದ ಮಾತು ಆಮೇಲೆ. ಮೊದಲು ಅಮ್ಮನ ಹೆದರಿಕೆಗೆ ಉತ್ತರ ಹೇಳುತ್ತೇನೆ.

ಆಚೆ ಎರಡು, ಈಚೆ ಎರಡು ಸೀಟು, ಹಿಂದಿನ ಬಾಗಿಲಿನಿಂದ ಹತ್ತಿದೆವು ಎಂದಿದ್ದೀರಿ. ಹಾಗಾದರೆ ಅದು ಎಟಿಆರ್ 72 ಇರಬೇಕು. ಫ್ರಾನ್ಸ್, ಇಟಲಿ ಸೇರಿ ಮಾಡುವ ವಿಮಾನ. ಈ ಮಾದರಿ ಮೊದಲು ಹಾರಿದ್ದು 1988ರಲ್ಲಿ. ಆದರೆ ಇವತ್ತಿಗೂ ಹೊಸ ಹೊಸ ವಿಮಾನ ತಯಾರಾಗಿ ಬರುತ್ತಲೇ ಇವೆ. ಫ್ಯಾನ್ ಇದ್ದ ಮಾತ್ರಕ್ಕೆ ಹಳೇದು ಅಂತಲ್ಲ. ಒಳಗಿರುವುದು ಜೆಟ್ ವಿಮಾನದಲ್ಲಿ ಇರುವಂಥದ್ದೇ ಟರ್ಬೈನ್. ಇಲ್ಲಿ ಅದು ಹೊರಗಿನ ಫ್ಯಾನನ್ನು ತಿರುಗಿಸುತ್ತದೆ. ಸಣ್ಣ ದೂರಕ್ಕೆ ಇದರಲ್ಲಿ ಇಂಧನ ಬಹಳ ಕಡಿಮೆ ಸಾಕು. ದೊಡ್ಡ ಜೆಟ್ ಆದರೆ ಹುಬ್ಬಳ್ಳಿ ಬಿಟ್ಟು ಮೇಲಕ್ಕೆ ಹತ್ತಿ ಮುಗಿಸುವುದರೊಳಗೆ ಇಳಿಯಲು ಶುರು ಮಾಡಬೇಕು. ಅಷ್ಟು ಮಾಡಿ ಉಳಿತಾಯವಾಗುವುದು ಹತ್ತು ಹದಿನೈದು ನಿಮಿಷ, ಒಂದು ಕವಳ ಹಾಕುವಷ್ಟು ಹೊತ್ತು.

ಅಮ್ಮನನ್ನು ಒಮ್ಮೆ ಕಾರವಾರಕ್ಕೆ ಕರೆದುಕೊಂಡು ಬನ್ನಿ. ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಹತ್ತಿರವೇ ಟುಪೋಲೆವ್ 142 ವಿಮಾನ ನಿಂತಿದೆ. 1988ರಿಂದ 2017ರವರೆಗೆ ನಮ್ಮ ನೌಕಾಪಡೆಗೆ ಸಮುದ್ರ ಕಾದ ವಿಮಾನ ಅದು. ರೆಕ್ಕೆಯ ಕೆಳಗೆ ನಿಂತು ಕತ್ತೆತ್ತಿ ನೋಡಿ. ನಾಲ್ಕು ಎಂಜಿನ್. ಒಂದೊಂದು ಎಂಜಿನ್‌ಗೂ ಒಂದರ ಹಿಂದೆ ಒಂದು ಎರಡು ಫ್ಯಾನ್. ಮುಂದಿನದು ಒಂದು ಕಡೆ ತಿರುಗಿದರೆ ಹಿಂದಿನದು ಅದಕ್ಕೆ ಎದುರಾಗಿ. ಒಟ್ಟು 32 ಎಲೆಗಳು. ನಾನೇ ನಿಂತು ಎಣಿಸಿದ್ದೇನೆ. ನಡುಸಮುದ್ರದ ಮೇಲೆ ಗಂಟೆಗಟ್ಟಲೆ ಹಾರುವ ಕೆಲಸಕ್ಕೇ ಫ್ಯಾನ್ ವಿಮಾನವನ್ನು ನಂಬಿದ್ದರು ಅಂದಮೇಲೆ ಹುಬ್ಬಳ್ಳಿ ಯಾವ ಲೆಕ್ಕ, ಅಲ್ವಾ?

ಎಟಿಆರ್‌ನಲ್ಲಿ ಶಬ್ದ ಜಾಸ್ತಿ, ಮಳೆಗಾಲದಲ್ಲಿ ಕುಲುಕಾಟವೂ ಜಾಸ್ತಿ, ಅದು ನಿಜ. ಇದು ಜೆಟ್‌ನಷ್ಟು ಎತ್ತರಕ್ಕೆ ಹೋಗುವುದಿಲ್ಲ, ಹಾಗಾಗಿ ಮೋಡದ ಮಧ್ಯೆಯೇ ದಾರಿ. ಆದರೆ ರೆಕ್ಕೆ ಕಿಟಕಿಗಿಂತ ಮೇಲಿದೆ. ಕೆಳಗಿನ ಕೆರೆ, ಗದ್ದೆ ಎಲ್ಲ ಚೆನ್ನಾಗಿ ಕಾಣುತ್ತದೆ.

ಈಗ ದರಕ್ಕೆ ಬರೋಣ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಒಂದು ದರ ಇದ್ದ ಬಂಗಡೆ ಸಂಜೆಗೆ ಇಳಿಯುತ್ತದೆ. ಕೆಟ್ಟುಹೋಗುವ ಮಾಲು, ಇಟ್ಟುಕೊಂಡು ಮಾಡುವುದೇನು? ವಿಮಾನದ ಸೀಟೂ ಹಾಗೇ. ಬಾಗಿಲು ಹಾಕಿದರೆ ಖಾಲಿ ಸೀಟಿಗೆ ಕಾಸಿನ ಬೆಲೆಯಿಲ್ಲ. ಹಾಗಿದ್ದರೂ ಕೊನೆಗೆ ದರ ಏರುತ್ತದೆ. ಯಾಕೆ? ಸಂಜೆ ಮಾರ್ಕೆಟ್ಟಿಗೆ ಬರುವವರು ಚೌಕಾಸಿ ಮಾಡುವವರು. ವಿಮಾನಕ್ಕೆ ಕೊನೆಗೆ ಬರುವವರು ಹೋಗಲೇಬೇಕಾದವರು. ಬೆಳಗಾದರೆ ಇಂಟರ್‌ವ್ಯೂ ಇರುತ್ತದೆ, ಇಲ್ಲವೇ ಆಸ್ಪತ್ರೆಯಿಂದ ಫೋನ್ ಬಂದಿರುತ್ತದೆ. ಕಂಪನಿಗೆ ಅದು ಗೊತ್ತು.

ಅದಕ್ಕೆ 78 ಸೀಟನ್ನೂ ಒಂದೇ ದರಕ್ಕೆ ಇಡುವುದಿಲ್ಲ. ಕೆಲವು ಸೀಟು ತೀರಾ ಕಡಿಮೆಗೆ, ಮುಂದಿನ ಕೆಲವು ಸ್ವಲ್ಪ ಮೇಲೆ, ಹೀಗೆ ಮೆಟ್ಟಿಲು. ಕೆಳಗಿನದು ಖಾಲಿಯಾದರೆ ಮೇಲಿನದು ತೆರೆಯುತ್ತದೆ. ಪಕ್ಕದ ಹುಡುಗ ಹಬ್ಬಕ್ಕೆ ಎರಡು ತಿಂಗಳು ಮೊದಲೇ ತೆಗೆದಿರಬೇಕು. ಇನ್ನೊಂದು ವಿಷಯ. ಕೆಳಗಿನ ದರದಲ್ಲಿ ಒಂದೇ ಸೀಟು ಉಳಿದಿದ್ದಾಗ ನೀವು ಎರಡು ಟಿಕೆಟ್ ಕೇಳಿದರೆ, ಎರಡಕ್ಕೂ ಮೇಲಿನ ದರವನ್ನೇ ತೋರಿಸುತ್ತಾರೆ. ಒಂದೊಂದಾಗಿ ಹುಡುಕಿ ನೋಡಿ. ಒಂದಾದರೂ ಕಡಿಮೆಗೆ ಸಿಗಬಹುದು.

ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 1978ರಲ್ಲಿ ಅಲ್ಲಿನ ಸರ್ಕಾರ ದರ ನಿಗದಿ ಮಾಡುವುದನ್ನು ಕೈಬಿಟ್ಟಿತು. ನಮ್ಮಲ್ಲಿ ಖಾಸಗಿಯವರಿಗೆ ಕಾನೂನು ಪೂರ್ತಿ ಬಾಗಿಲು ತೆರೆದದ್ದು 1994ರಲ್ಲಿ. ಹೊಟ್ಟೆಪಾಡಿಗೆ ದರ ಏರಿಳಿಸಿದರೆ ನನಗೆ ಬೇಸರವಿಲ್ಲ. ಆದರೆ ಕಷ್ಟದಲ್ಲಿ ಓಡಿಬಂದವರ ಹತ್ತಿರ ಮೂರು ಪಟ್ಟು ಕೀಳುವುದು ಸರಿಯಲ್ಲ ಎಂದೇ ನನ್ನ ಮಾತು. ಅಪ್ಪನಿಗೆ ಎದೆನೋವು ಬಂದ ರಾತ್ರಿ ನಾನೂ ಹಾಗೆ ದುಡ್ಡು ಕಟ್ಟಿದವನು. ಪರದೆಯ ಮೇಲೆ ಹತ್ತು ನಿಮಿಷದಲ್ಲಿ ಎರಡು ಸಲ ದರ ಏರಿತು. ಆಗ ಕೈ ನಡುಗಿದ್ದು ಇನ್ನೂ ನೆನಪಿದೆ. ಮಿತಿ ಹಾಕಲು ಆಗುವುದೇ ಇಲ್ಲ ಅನ್ನುವ ಹಾಗಿಲ್ಲ. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ ಸರ್ಕಾರವೇ ದರಕ್ಕೆ ಮೇಲಿನ, ಕೆಳಗಿನ ಮಿತಿ ಹಾಕಿತ್ತು.

ಇನ್ನು ಡೆಕ್ಕನ್. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ್ದು. ಆರ್.ಕೆ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯನೇ ಅದರ ಗುರುತು. ಏರ್ ಇಂಡಿಯಾ 1946ರಿಂದ ಪೇಟ ತೊಟ್ಟ ಮಹಾರಾಜನನ್ನು ತೋರಿಸಿ ಜನರನ್ನು ಕರೆದಿತ್ತು. ಡೆಕ್ಕನ್ ಬಸ್ ಸ್ಟ್ಯಾಂಡಿನಲ್ಲಿ ನಿಂತವನನ್ನು ಕರೆಯಿತು. ಆ ಚಿತ್ರ ನೋಡಿದಾಗ 'ಇದು ನಮ್ಮಂಥವರಿಗೂ' ಅನ್ನಿಸಿದ್ದು ಸುಳ್ಳಲ್ಲ. 2007ರಲ್ಲಿ ಅದರಲ್ಲಿ ಕಿಂಗ್‌ಫಿಷರ್ ಪಾಲು ಕೊಂಡಿತು. ಮರುವರ್ಷ ಡೆಕ್ಕನ್ ಹೋಗಿ ಕಿಂಗ್‌ಫಿಷರ್ ರೆಡ್ ಎಂಬ ಹೆಸರು ಬಂತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಒಂದು ರೂಪಾಯಿ ಟಿಕೆಟ್ಟೂ ಇದೇ ಮೆಟ್ಟಿಲಿನ ತೀರಾ ಕೆಳಗಿನದು, ಕೆಲವೇ ಸೀಟಿಗೆ. ಅಂದಹಾಗೆ, ಆ ಡೆಕ್ಕನ್ ಮೊದಲು ಹುಬ್ಬಳ್ಳಿಗೆ ತಂದದ್ದೂ ಎಟಿಆರ್ ಫ್ಯಾನ್ ವಿಮಾನವನ್ನೇ.

ಮುಂದಿನ ಸಲ ಅಮ್ಮನಿಗೆ ಹಿಂದಿನ ಸಾಲು ಕೇಳಿ. ಫ್ಯಾನ್ ಇರುವುದು ಮುಂದಿನ ಸಾಲುಗಳ ಪಕ್ಕದಲ್ಲಿ, ಹಿಂದೆ ಶಬ್ದ ಕಡಿಮೆ. ಮಂಡಿನೋವು ಎಂದೂ ಬರೆದಿದ್ದೀರಿ. ಬಾಗಿಲು ಹಿಂದೆಯೇ ಇರುವುದರಿಂದ ಹತ್ತಿದ ಕೂಡಲೇ ಸೀಟು ಸಿಗುತ್ತದೆ, ಇಳಿಯುವಾಗಲೂ ಅವರೇ ಮೊದಲು.