ಹೊಲಕ್ಕೆ ಹೊಡೆಯೋ ಫಂಗಿಸೈಡ್‌ನಿಂದ (ಬೂಷ್ಟು ಸಾಯಿಸೋ ಔಷಧಿ) ಹಕ್ಕಿಗಳ ಇಮ್ಯುನಿಟಿ ಕಮ್ಮಿ ಆಗುತ್ತಾ?

ಆಗಬಹುದು. ಹಕ್ಕಿ ತಕ್ಷಣ ಸತ್ತು ಬೀಳಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ ಅಷ್ಟೇ.

ನಮ್ಮ ಕೋಲಾರದ ಕಡೆ ಟೊಮೇಟೊಗೆ ಅಂಗಮಾರಿ ಬಂತು ಅಂದ್ರೆ ಟೆಬುಕೊನಜೋಲ್ ಥರದ ಔಷಧಿ ಹೊಡೀತಾರೆ. ಈ ಟ್ರಯಜೋಲ್ ಗುಂಪಿನವು ಬೂಷ್ಟಿನ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂಗೆ ಒಂದು ಎಂಜೈಮ್ ತಡೀತವೆ, ಆದ್ರೆ ಅದೇ ಕುಟುಂಬದ ಎಂಜೈಮ್‌ಗಳು ಹಕ್ಕಿ ಲಿವರ್‌ನಲ್ಲೂ ಇವೆ, ಹಾರ್ಮೋನ್ ಮಾಡೋಕೂ ವಿಷ ಕರಗಿಸೋಕೂ ಅವೇ ಬೇಕು, ಹಂಗಾಗಿ ಅಲ್ಲೂ ಏರುಪೇರು ಆಗುತ್ತೆ. ಫ್ರಾನ್ಸ್‌ನಲ್ಲಿ ಗುಬ್ಬಿಗಳಿಗೆ ನೀರಲ್ಲಿ ಟೆಬುಕೊನಜೋಲ್ ಕೊಟ್ಟು ನೋಡಿದಾಗ ಥೈರಾಯ್ಡ್ ಹಾರ್ಮೋನ್‌ನಲ್ಲಿ ವ್ಯತ್ಯಾಸ ಕಂಡಿತ್ತು. ಥೈರಾಯ್ಡ್ ಕೆಟ್ರೆ ಪುಕ್ಕ, ಮೈತೂಕ, ರೋಗ ತಡೆಯೋ ಶಕ್ತಿ ಎಲ್ಲಕ್ಕೂ ಪೆಟ್ಟು ಬೀಳಬಹುದು.

ನನಗೆ ಜಾಸ್ತಿ ಸಂಕಟ ಆಗೋದು ಬೀಜೋಪಚಾರದ ವಿಷಯ. ಪಾವಗಡದ ಕಡೆ ಕಡ್ಲೇಕಾಯಿ ಬಿತ್ತೋವಾಗ ಥೈರಾಮ್ ಅನ್ನೋ ಇನ್ನೊಂದು ಬೂಷ್ಟಿನ ಔಷಧಿ ಹಚ್ಚಿದ ಬೀಜ ಬದುವಲ್ಲಿ ಚೆಲ್ಲಿರುತ್ತೆ, ಕೌಜುಗ, ನವಿಲು ನೇರ ಹೆಕ್ಕಿ ತಿಂತವೆ, ಸಿಂಪಡಣೆಗಿಂತ ಎಷ್ಟೋ ಹೆಚ್ಚು ಡೋಸ್ ಒಂದೇ ಸಲ ಹೊಟ್ಟೆಗೆ ಹೋಗುತ್ತೆ. ಕೋಳಿಮರಿಗೆ ಥೈರಾಮ್ ತಿನ್ನಿಸಿದ್ರೆ ಕಾಲಿನ ಮೂಳೆ ಸರಿಯಾಗಿ ಬೆಳೆಯಲ್ಲ ಅನ್ನೋದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರೋದೇ.

ದಯವಿಟ್ಟು ಚೆಲ್ಲಿದ ಬೀಜ ಮಣ್ಣಲ್ಲಿ ಮುಚ್ಚಿ, ಉಳಿದ ಔಷಧಿ ನೀರನ್ನ ಕೆರೆ-ಕುಂಟೆ ಹತ್ರ ಸುರೀಬೇಡಿ.