ಒರಟು ಮತ್ತಿ ಹಲಗೆಗೆ ಯಾವ ಬ್ಲೇಡು?

ಪ್ರಶ್ನೆ: ಜಗಲಿಗೆ ಬೆಂಚು ಮಾಡಲು ಸಾಮಿಲ್ಲಿನಲ್ಲಿ ಮತ್ತಿ ಮರ ಕೊಯ್ಸಿ ತಂದಿದ್ದೇನೆ. ಹಲಗೆ ತುಂಬಾ ಒರಟು, ಸ್ವಲ್ಪ ತಿರುಚಿಯೂ ಇದೆ. ನನ್ನ ಹತ್ತಿರ ಮರ ಹೆರೆಯುವ ಐದನೇ ನಂಬರಿನ ಕಬ್ಬಿಣದ ತೋಪಡ ಇದೆ. ನಾಲ್ಕು ಸಲ ಎಳೆದರೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯವರು ದಪ್ಪ ಬ್ಲೇಡು ಹಾಕಿ ಎನ್ನುತ್ತಾರೆ. ಹಾಕಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ, ದುಡ್ಡು ಉಳಿಸಿ. ದಪ್ಪ ಬ್ಲೇಡು ಒಳ್ಳೆಯದೇ, ಆದರೆ ನಿಮ್ಮ ತೋಪಡದ ಬಾಯಿಯಲ್ಲಿ, ಅಂದರೆ ಬ್ಲೇಡು ಹೊರಬರುವ ಸೀಳಿನಲ್ಲಿ, ಅದು ಹಿಡಿಸದೆ ಹೋಗಬಹುದು. ಆಮೇಲೆ ಬಾಯಿಗೆ ಅರ ಹಾಕುತ್ತಾ ಕೂರಬೇಕು.

ನಿಮ್ಮ ತೊಂದರೆ ಬ್ಲೇಡಿನ ದಪ್ಪದ್ದಲ್ಲ, ಅಂಚಿನದು. ಅಂಚು ನೇರ ಇದ್ದರೆ ಎರಡಿಂಚು ಅಗಲವೂ ಒಟ್ಟಿಗೆ ಮರಕ್ಕೆ ಕಚ್ಚುತ್ತದೆ. ಮತ್ತಿಯ ನಾರೋ ಒಂದು ಪದರ ಹೀಗೆ, ಇನ್ನೊಂದು ಹಾಗೆ. ಸಿಕ್ಕಿಕೊಳ್ಳದೆ ಇನ್ನೇನು ಮಾಡುತ್ತದೆ? ಅದೇ ಅಳತೆಯ ಸಾಧಾರಣ ಬ್ಲೇಡು ಇನ್ನೊಂದು ತಗೊಂಡು ಅಂಚನ್ನು ಕಮಾನಿನ ಆಕಾರಕ್ಕೆ ಉಜ್ಜಿ. ರಟ್ಟಿನ ಮೇಲೆ ಎಂಟಿಂಚು ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಯ ಪೆನ್ಸಿಲಿನಲ್ಲಿ ಕಮಾನು ಎಳೆದು, ಕತ್ತರಿಸಿ, ಬ್ಲೇಡಿನ ಮೇಲಿಟ್ಟು ಗುರುತು ಹಾಕಿ. ಎರಡೂ ಮೂಲೆ ನಡುವಿಗಿಂತ ಸುಮಾರು ಒಂದೂವರೆ ಮಿಲಿಮೀಟರ್ ಹಿಂದೆ ಸರಿಯುತ್ತದೆ, ಅಷ್ಟು ಸಾಕು. ಗ್ರೈಂಡರಿನಲ್ಲಿ ಹಿಡಿಯುವಾಗ ಆಗಾಗ ನೀರಿಗೆ ಅದ್ದಿ. ಅಂಚು ನೀಲಿಯಾಯಿತೋ, ಅಲ್ಲಿ ಹದ ಹೋಯಿತು ಅಂತಲೇ. ಆಮೇಲೆ ಸಾಣೆಕಲ್ಲಿನ ಮೇಲೆ ಸುಮಾರು 30 ಡಿಗ್ರಿಗೆ ಮಸೆಯಿರಿ. ಗಟ್ಟಿ ಮರಕ್ಕೆ ಅದಕ್ಕಿಂತ ತೆಳು ಅಂಚು ಬೇಗ ಮುಕ್ಕಾಗುತ್ತದೆ. ಬ್ಲೇಡಿನ ಮೇಲೆ ಕೂರುವ ಕಬ್ಬಿಣದ ಪಟ್ಟಿ, ಅಂದರೆ ಕ್ಯಾಪನ್ನು, ಅಂಚಿನ ನಡುಭಾಗದಿಂದ ಎರಡು ಮಿಲಿಮೀಟರಿನಷ್ಟು ಹಿಂದೆ ಇಡಿ, ಬ್ಲೇಡು ಒರಗುವ ಒಳಗಿನ ತುಂಡನ್ನು ಹಿಂದೆ ಸರಿಸಿ ತೋಪಡದ ಬಾಯಿ ಅಗಲ ಮಾಡಿ, ಇದಕ್ಕೆ ಅರ ಬೇಡ. ಸಿಪ್ಪೆ ದಪ್ಪ ಬರುತ್ತದಲ್ವಾ, ಹೋಗಲು ದಾರಿ ಬೇಕು.

ಈಗ ನಾರಿನ ಉದ್ದಕ್ಕೆ ಹೊಡೆಯಬೇಡಿ, ಅಡ್ಡಕ್ಕೆ ಹೊಡೆಯಿರಿ. ಆಚೆ ಅಂಚು ಸಿಗಿಯದಂತೆ ಮೊದಲೇ ಅಲ್ಲಿ ಸಣ್ಣ ಓರೆ ತೆಗೆದಿಡಿ. ತಿರುಚು ಎಷ್ಟಿದೆ ಎಂದು ನೋಡಲು ಹಲಗೆಯ ಎರಡು ತುದಿಗೆ ಒಂದೊಂದು ನೇರ ಪಟ್ಟಿ ಇಟ್ಟು, ಕಣ್ಣು ತಗ್ಗಿಸಿ ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಎತ್ತರದ ಮೂಲೆಗಳನ್ನಷ್ಟೇ ಮೊದಲು ಇಳಿಸಿ. ಕೊನೆಗೆ ಹಳೆಯ ನೇರ ಬ್ಲೇಡು ಹಾಕಿ, ತೆಳ್ಳಗೆ ಉದ್ದಕ್ಕೆ ಹೊಡೆದರೆ ಕಮಾನು ಅಂಚು ಬಿಟ್ಟ ಗೀರು ಹೋಗುತ್ತದೆ.

ಶುರು ಮಾಡುವ ಮುಂಚೆ ತಂತಿ ಬ್ರಷ್‌ನಲ್ಲಿ ಮಣ್ಣು ಉದುರಿಸಿ. ಬ್ಲೇಡು ಮೊಂಡಾಯಿತು ಎಂದು ಜನ ಮರವನ್ನು ಬೈಯುತ್ತಾರೆ, ಎಷ್ಟೋ ಸಲ ಅದು ಮರಳಿನ ಕೆಲಸ. ಹಲಗೆ ಇನ್ನೂ ಹಸಿಯಿದ್ದರೆ ಸುಮ್ನೆ ಕೈ ನೋಯಿಸಿಕೊಳ್ಳಬೇಡಿ, ಒಣಗಿದ ಮೇಲೆ ಮತ್ತೆ ತಿರುಚುತ್ತದೆ. ನಮ್ಮ ಮಳೆಗಾಲದಲ್ಲಿ ಬ್ಲೇಡಿಗೆ ತೆಂಗಿನೆಣ್ಣೆ ಸವರಿಡಿ.

ಇನ್ನೊಂದು. ಬೆಂಚಿನ ಅಡಿಭಾಗವನ್ನು ಪೂರ್ತಿ ನಯ ಮಾಡುವ ಹಟ ಬೇಡ. ಕಾಲು ಕೂರುವ ಜಾಗ ಸಮ ಇದ್ದರಾಯಿತು.