ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಮೂಕಿ ಚಿತ್ರಗಳ ಕಾಲದ ಕಾರ್ಯಕ್ರಮ ಪುಸ್ತಿಕೆಗಳು

ಪ್ರಶ್ನೆ: ಇಲ್ಲಿ ನಮ್ಮ ನೆರೆಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಹಳೆಯ ಸಿನಿಮಾ ಕಾಗದಗಳ ಒಂದು ರಟ್ಟಿನ ಪೆಟ್ಟಿಗೆಯನ್ನು ನಮಗೆ ಕೊಟ್ಟು ಹೋದರು. ಅದರಲ್ಲಿ 'ದಿ ಬಿಗ್ ಪರೇಡ್' ಮತ್ತು 'ಬೆನ್-ಹರ್' ಚಿತ್ರಗಳ ದಪ್ಪ ಹೊದಿಕೆಯ ಸಚಿತ್ರ ಪುಸ್ತಿಕೆಗಳಿವೆ. ಜೊತೆಗೆ ನ್ಯೂಯಾರ್ಕಿನ ಚಿತ್ರಮಂದಿರಗಳ ತೆಳುವಾದ ವಾರದ ಹಾಳೆಗಳು ಒಂದು ಕಟ್ಟಿನಷ್ಟಿವೆ. ಪುಸ್ತಿಕೆಗಳನ್ನು ಮಾರಿ, ಹಾಳೆಗಳನ್ನು ರದ್ದಿಗೆ ಹಾಕಬಹುದೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಪೆಟ್ಟಿಗೆಯಲ್ಲಿ ಹೆಚ್ಚು ಅಪರೂಪದ ವಸ್ತುಗಳು ಆ ತೆಳು ಹಾಳೆಗಳೇ ಆಗಿರುವ ಸಂಭವ ಹೆಚ್ಚು.

ಅಮೆರಿಕದ ಮೂಕಿ ಯುಗದಲ್ಲಿ ಪ್ರೇಕ್ಷಕರ ಕೈಗೆ ಬರುತ್ತಿದ್ದ ಮುದ್ರಿತ ಕಾಗದಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ನೀವು ಹೇಳುವ ಸಚಿತ್ರ ಸ್ಮರಣ ಪುಸ್ತಿಕೆ. 1915ರಲ್ಲಿ 'ದಿ ಬರ್ತ್ ಆಫ್ ಎ ನೇಶನ್' ನ್ಯೂಯಾರ್ಕಿನ ಲಿಬರ್ಟಿ ಥಿಯೇಟರಿನಲ್ಲಿ ಎರಡು ಡಾಲರುಗಳವರೆಗಿನ ಟಿಕೆಟ್ ದರದೊಂದಿಗೆ, ನಾಟಕದ ಠೀವಿಯಲ್ಲಿ ಪ್ರದರ್ಶನಗೊಂಡ ಮೇಲೆ, ದೊಡ್ಡ ಚಿತ್ರಗಳನ್ನು ಕಾದಿರಿಸಿದ ಆಸನ, ವಾದ್ಯವೃಂದ, ಮಧ್ಯಂತರಗಳ ಸಮೇತ ಊರಿಂದೂರಿಗೆ ಒಯ್ಯುವ ಪದ್ಧತಿ ಬಲಗೊಂಡಿತು. ಅಂಥ ಪ್ರದರ್ಶನಗಳಲ್ಲಿ ಈ ಪುಸ್ತಿಕೆಗಳನ್ನು ಬೆಲೆಗೆ ಮಾರುತ್ತಿದ್ದರು. ಎರಡನೆಯದು ಹೆರಾಲ್ಡ್ ಎಂದು ಕರೆಯಲಾಗುವ ಮಡಿಕೆಯ ಕರಪತ್ರ. ಇದನ್ನು ಚಿತ್ರಸಂಸ್ಥೆಯೇ ಸಗಟಾಗಿ ಮುದ್ರಿಸಿ, ಊರಿನ ಚಿತ್ರಮಂದಿರವು ತನ್ನ ಹೆಸರು ಮತ್ತು ತಾರೀಖನ್ನು ಅಚ್ಚು ಹಾಕಿಸಿಕೊಳ್ಳಲೆಂದು ಹಿಂಬದಿಯಲ್ಲಿ ಜಾಗ ಬಿಡುತ್ತಿತ್ತು. ಮೂರನೆಯದು ಚಿತ್ರಮಂದಿರವೇ ಅಚ್ಚು ಹಾಕಿಸಿ ಪ್ರೇಕ್ಷಕರಿಗೆ ಹಂಚುತ್ತಿದ್ದ ವಾರದ ಕಾರ್ಯಕ್ರಮ.

'ದಿ ಬಿಗ್ ಪರೇಡ್' 1925ರ ನವೆಂಬರಿನಿಂದ ನ್ಯೂಯಾರ್ಕಿನ ಆಸ್ಟರ್ ಥಿಯೇಟರೊಂದರಲ್ಲೇ 96 ವಾರ ಓಡಿತು. 'ಬೆನ್-ಹರ್', 'ದಿ ಕಿಂಗ್ ಆಫ್ ಕಿಂಗ್ಸ್', 'ವಿಂಗ್ಸ್' ಮೊದಲಾದವುಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಕಾಸು ಕೊಟ್ಟು ಕೊಂಡ ಅಂದವಾದ ಪುಸ್ತಿಕೆಯನ್ನು ಯಾರೂ ಬೀದಿಯಲ್ಲಿ ಎಸೆಯದ ಕಾರಣ ಇವು ಬಹುಸಂಖ್ಯೆಯಲ್ಲಿ ಉಳಿದುಬಂದಿವೆ; ಆದ್ದರಿಂದಲೇ ಇವುಗಳ ಬೆಲೆ, ನೋಟಕ್ಕಿರುವ ವೈಭವಕ್ಕೆ ಹೋಲಿಸಿದರೆ, ಸಾಮಾನ್ಯವಾಗಿ ಸಾಧಾರಣವೇ. ವಾರದ ಹಾಳೆ ಹಾಗಲ್ಲ. ಅದು ಪುಕ್ಕಟೆಯಾಗಿ ಸಿಗುತ್ತಿತ್ತು, ಕುರ್ಚಿಯ ಕೆಳಗೆ ಬೀಳುತ್ತಿತ್ತು, ಮರುವಾರ ಕಸದ ಬುಟ್ಟಿ ಸೇರುತ್ತಿತ್ತು.

ಆ ಹಾಳೆಯಲ್ಲಿ ಏನಿದೆಯೆಂಬುದನ್ನು ಸಾವಧಾನದಿಂದ ಓದಿ ನೋಡಿ. ರಿಯಾಲ್ಟೋ, ರಿವೋಲಿ, ಕ್ಯಾಪಿಟಲ್ ಮುಂತಾದ ದೊಡ್ಡ ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರವು ಒಂದು ಸಂಜೆಯ ಭಾಗ ಮಾತ್ರವಾಗಿತ್ತು: ಮೊದಲು ವಾದ್ಯವೃಂದದ ಸಂಗೀತ, ಅನಂತರ ವಾರ್ತಾಚಿತ್ರ, ಗಾಯನ, ನೃತ್ಯ, ಕಿರು ಹಾಸ್ಯಚಿತ್ರ, ಕೊನೆಯಲ್ಲಿ ಆರ್ಗನ್ ವಾದನ. ಯಾವ ಕೃತಿಯನ್ನು ನುಡಿಸಿದರು, ಹ್ಯೂಗೋ ರೀಸೆನ್‌ಫೆಲ್ಡ್‌ರಂಥ ಸಂಗೀತ ನಿರ್ದೇಶಕರ ಕೈಕೆಳಗೆ ಯಾರು ಹಾಡಿದರು ಎಂಬ ವಿವರಗಳೆಲ್ಲ ಅಲ್ಲಿ ಅಚ್ಚಾಗಿರುತ್ತವೆ. ಮೂಕಿ ಚಿತ್ರವೆಂದರೆ ನಿಶ್ಶಬ್ದವಾಗಿ ನೋಡಿದ ಚಿತ್ರವೆಂಬ ತಪ್ಪು ತಿಳಿವಳಿಕೆಯನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಚಿತ್ರಗಳಾದರೂ ಉಳಿದಿವೆಯೇ ಎಂದರೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರ ನಡುವೆ ಅಲ್ಲಿ ತಯಾರಾದ ಸುಮಾರು 10,900 ಪೂರ್ಣಾವಧಿಯ ಮೂಕಿ ಚಿತ್ರಗಳಲ್ಲಿ ಮೂಲ 35 ಮಿಲಿಮೀಟರ್ ರೂಪದಲ್ಲಿ ಸಂಪೂರ್ಣವಾಗಿ ಉಳಿದಿರುವುದು ಶೇಕಡಾ 14 ಮಾತ್ರ. 1937ರಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿ, ಅಂದರೆ ನಿಮ್ಮದೇ ರಾಜ್ಯದಲ್ಲಿ, ಫಾಕ್ಸ್ ಸಂಸ್ಥೆಯ ಫಿಲ್ಮ್ ಉಗ್ರಾಣಕ್ಕೆ ಬೆಂಕಿ ಬಿದ್ದು ಥೀಡಾ ಬಾರಾ ನಟಿಸಿದ ಚಿತ್ರಗಳಲ್ಲಿ ಹೆಚ್ಚಿನವು ಬೂದಿಯಾದವು. ಅಂಥ ಕಳೆದುಹೋದ ಚಿತ್ರದ ಹೆಸರಿರುವ ಹಾಳೆಯೊಂದು ನಿಮ್ಮ ಕಟ್ಟಿನಲ್ಲಿದ್ದರೆ, ಅದರ ಮೌಲ್ಯವನ್ನು ಕಾಗದದ ಅಂದದಿಂದ ಅಳೆಯಲಾಗದು.

ಇನ್ನು ರೊಕ್ಕದ ಮಾತು. ಮಾರುಕಟ್ಟೆಯು ಮೊದಲು ನೋಡುವುದು ತಾರೆಯನ್ನು. ಲಾನ್ ಚೇನಿ, ಬಸ್ಟರ್ ಕೀಟನ್, ಲೂಯಿಸ್ ಬ್ರೂಕ್ಸ್, ಕ್ಲಾರಾ ಬೋ ಇವರ ಹೆಸರಿಗೆ ಇಂದಿಗೂ ಬೇಡಿಕೆಯಿದೆ. ಅಂದು ಇವರಷ್ಟೇ ಜನಪ್ರಿಯರಾಗಿದ್ದು ಇಂದು ಮರೆತುಹೋದ ಎಷ್ಟೋ ನಟರ ಕಾಗದಗಳಿಗೆ ಅದಿಲ್ಲ. ಇದು ನ್ಯಾಯವೆಂದು ನನಗೆ ತೋರುವುದಿಲ್ಲವಾದರೂ ಬೆಲೆ ಕಟ್ಟುವಾಗ ಒಪ್ಪಿಕೊಳ್ಳಬೇಕಾದ ಸಂಗತಿ. ಅನಂತರ ಬರುವುದು ಕಾಗದದ ಸ್ಥಿತಿ. ಪುಟಗಳು ಪೂರ್ಣವಾಗಿವೆಯೇ, ಚಿತ್ರ ಕತ್ತರಿಸಿ ತೆಗೆದಿದ್ದಾರೆಯೇ, ಆಲ್ಬಮ್ಮಿಗೆ ಅಂಟಿಸಿದ ಗೋಂದಿನ ಕಲೆಯಿದೆಯೇ ಎಂಬುದನ್ನು ನೋಡುತ್ತಾರೆ. ಒಂದು ಎಚ್ಚರಿಕೆ: ಈಬೇ ತಾಣದಲ್ಲಿ ಮಾರುವವರು ಕೇಳುವ ಬೆಲೆ ಬೆಲೆಯಲ್ಲ. ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಸೌಲಭ್ಯ ಅಲ್ಲಿಯೇ ಇದೆ. ಡಲ್ಲಾಸಿನ ಹೆರಿಟೇಜ್ ಆಕ್ಷನ್ಸ್ ಸಂಸ್ಥೆಯೂ ತನ್ನ ಹಳೆಯ ಹರಾಜುಗಳ ಬೆಲೆಗಳನ್ನು ಹೆಸರು ನೋಂದಾಯಿಸಿದವರಿಗೆ ತೋರಿಸುತ್ತದೆ. ಕಟ್ಟನ್ನು ಬಿಡಿಬಿಡಿಯಾಗಿ ಮಾರುವ ಮುನ್ನ ಅವೆಲ್ಲ ಒಂದೇ ಚಿತ್ರಮಂದಿರದ ಸಾಲು ವಾರಗಳವೇ ಎಂದು ಪರೀಕ್ಷಿಸಿ. ಹಾಗಿದ್ದರೆ ಅವನ್ನು ಒಡೆಯಬಾರದು.

ಪ್ರಶ್ನೆ: ಆನ್‌ಲೈನಿನಲ್ಲಿ ಕೊಂಡ ಅಮೆರಿಕದ ಕೆಲವು ವಾರದ ಕಾರ್ಯಕ್ರಮಗಳಲ್ಲಿ ದಿನ, ತಿಂಗಳು ಮಾತ್ರ ಇದ್ದು ವರ್ಷವೇ ಇಲ್ಲ. ಕಾಲ ನಿರ್ಣಯ ಹೇಗೆ? (ಶಿವಮೊಗ್ಗ)

ಉತ್ತರ: ವಾರವೇ ನಿಮಗೆ ದಾರಿ ತೋರಿಸುತ್ತದೆ. 'ಭಾನುವಾರ, ಮಾರ್ಚ್ 13ರಿಂದ' ಎಂದಿದ್ದರೆ, 1914ರಿಂದ 1929ರೊಳಗೆ ಆ ತಾರೀಖು ಭಾನುವಾರ ಬಿದ್ದದ್ದು 1921 ಮತ್ತು 1927ರಲ್ಲಿ ಮಾತ್ರ. ಈ ಎರಡರಲ್ಲಿ ಯಾವುದೆಂದು ಚಿತ್ರದ ಹೆಸರು ಬಹುಮಟ್ಟಿಗೆ ಹೇಳಿಬಿಡುತ್ತದೆ. ಚಿತ್ರಮಂದಿರದ ಹೆಸರೂ ಗಡಿ ಹಾಕುತ್ತದೆ: ನ್ಯೂಯಾರ್ಕಿನ ಸ್ಟ್ರಾಂಡ್ ತೆರೆದದ್ದು 1914ರಲ್ಲಿ, ರಿಯಾಲ್ಟೋ 1916ರಲ್ಲಿ, ರಿವೋಲಿ 1917ರಲ್ಲಿ, ಕ್ಯಾಪಿಟಲ್ 1919ರಲ್ಲಿ, ಸುಮಾರು ಆರು ಸಾವಿರ ಆಸನಗಳ ರಾಕ್ಸಿ 1927ರ ಮಾರ್ಚ್ 11ರಂದು. ಟಿಕೆಟ್ ದರದ ಪಕ್ಕದಲ್ಲಿ ಯುದ್ಧ ತೆರಿಗೆಯ ಉಲ್ಲೇಖವಿದ್ದರೆ ಅದು 1917ರ ನವೆಂಬರಿನ ನಂತರದ್ದು; ಚಿತ್ರದ ಜೊತೆ ಧ್ವನಿಮುದ್ರಿಕೆ ನುಡಿಸುವ ವೈಟಾಫೋನ್ ವ್ಯವಸ್ಥೆಯ ಹೆಸರಿದ್ದರೆ 1926ರ ಆಗಸ್ಟಿನ ನಂತರದ್ದು.

ಮರುಬಿಡುಗಡೆಯ ಬಗ್ಗೆ ಮಾತ್ರ ಜಾಗರೂಕರಾಗಿರಬೇಕು. 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1925ರ ಚಿತ್ರವಾದರೂ, 1930ರಲ್ಲಿ ಧ್ವನಿ ಸೇರಿಸಿದ ಪ್ರತಿ ಮತ್ತೆ ತೆರೆಗೆ ಬಂದಿತು. 'ಬೆನ್-ಹರ್' ಕೂಡ 1931ರಲ್ಲಿ ಸಂಗೀತ ಮತ್ತು ಸದ್ದುಗಳೊಂದಿಗೆ ಮರಳಿತು. ಸಂದೇಹ ಉಳಿದರೆ, ಆ ಕಾಲದ 'ವೆರೈಟಿ', 'ಮೂವಿಂಗ್ ಪಿಕ್ಚರ್ ವರ್ಲ್ಡ್' ಮುಂತಾದ ವೃತ್ತಿಪತ್ರಿಕೆಗಳನ್ನು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯ ತಾಣದಲ್ಲಿ ಉಚಿತವಾಗಿ ಓದಿ ಹೊಂದಿಸಿ ನೋಡಬಹುದು.

ಪ್ರಶ್ನೆ: ಲಂಡನ್ನಿನಲ್ಲಿ 1927ರಲ್ಲಿ 'ಮೆಟ್ರೋಪೊಲಿಸ್' ಪ್ರದರ್ಶನಕ್ಕೆಂದು ಮುದ್ರಿಸಿದ ಕಾರ್ಯಕ್ರಮ ಪುಸ್ತಿಕೆಯೊಂದು ಅಗ್ಗದ ಬೆಲೆಗೆ ಸಿಗುತ್ತಿದೆ. ಅಸಲಿಯೋ ನಕಲಿಯೋ ತಿಳಿಯುವುದೆಂತು? (ಬೆಂಗಳೂರು)

ಉತ್ತರ: ಅಗ್ಗವಾಗಿ ಸಿಗುತ್ತಿದೆ ಎಂಬುದೇ ನಿಮ್ಮ ಮೊದಲ ಸಂಶಯವಾಗಬೇಕು, ಏಕೆಂದರೆ ಆ ಪುಸ್ತಿಕೆಯು ಜಗತ್ತಿನ ಅತಿ ಬೇಡಿಕೆಯ ಸಿನಿಮಾ ಕಾಗದಗಳಲ್ಲೊಂದು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಿ. ಮೊಳೆಯಚ್ಚಿನಲ್ಲಿ ಮುದ್ರಿಸಿದ ಅಕ್ಷರದ ಅಂಚು ಚೂಪಾಗಿದ್ದು, ಕಾಗದದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಒತ್ತು ಕೆಲವೊಮ್ಮೆ ತಿಳಿಯುತ್ತದೆ. ಅಸಲಿ ಪ್ರತಿಯ ಫೋಟೋ ತೆಗೆದು ಮರುಮುದ್ರಿಸಿದ್ದರಲ್ಲಿ ಅಕ್ಷರಗಳೇ ಚುಕ್ಕೆಗಳಾಗಿ ಒಡೆದಿರುತ್ತವೆ. ಅಷ್ಟೇ ಅಲ್ಲ, ಮೂಲದ ಮಡಿಕೆ, ಕಲೆಗಳು ಕೂಡ ಕಾಗದದಲ್ಲಿರದೆ ಚಿತ್ರವಾಗಿ ಅಚ್ಚಾಗಿರುತ್ತವೆ. ಕತ್ತಲ ಕೋಣೆಯಲ್ಲಿ ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಕಾಗದವು ನೀಲಿಯಾಗಿ ಥಳಥಳಿಸಿದರೆ ಅದರಲ್ಲಿ ಬಿಳುಪುಕಾರಕವಿದೆಯೆಂದು ಅರ್ಥ. ಅದನ್ನು ಕಾಗದಕ್ಕೆ ಸೇರಿಸುವ ರೂಢಿ ಎರಡನೆಯ ಮಹಾಯುದ್ಧದ ನಂತರ ಬಂದದ್ದು. ಥಳಥಳಿಸದಿದ್ದ ಮಾತ್ರಕ್ಕೆ ಅಸಲಿಯೆಂದು ತೀರ್ಮಾನಿಸಬೇಡಿ. ಹಳೆಯ ಖಾಲಿ ಕಾಗದವನ್ನು ಹುಡುಕಿ ತಂದು ಮುದ್ರಿಸುವ ಜಾಣರೂ ಇದ್ದಾರೆ. ಸ್ಟೇಪಲ್ ಪಿನ್ನಿಗೆ ತುಕ್ಕು ಹಿಡಿದಿದ್ದು, ಅದರ ಸುತ್ತಲಿನ ಕಾಗದದಲ್ಲಿ ತುಕ್ಕಿನ ಕಲೆಯೇ ಇಲ್ಲದಿದ್ದರೆ ಆ ಪಿನ್ನು ಈಚೆಗೆ ಬಂದು ಕೂತದ್ದೆಂದು ತಿಳಿಯಿರಿ.

ಪ್ರಶ್ನೆ: ಪುಡಿಯಾಗುತ್ತಿರುವ ಕರಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬಹುದೇ? (ದಾವಣಗೆರೆ)

ಉತ್ತರ: ಖಂಡಿತ ಬೇಡ. ಲ್ಯಾಮಿನೇಷನ್ನಿನ ಬಿಸಿ ಮತ್ತು ಅಂಟು ಕಾಗದದೊಳಗೆ ಸೇರಿಬಿಡುವುದರಿಂದ ಅದನ್ನು ಹಿಂದೆಗೆಯಲಾಗುವುದಿಲ್ಲ. ಸಂಗ್ರಾಹಕರ ದೃಷ್ಟಿಯಲ್ಲಿ ಬೆಲೆಯೂ ಅಲ್ಲಿಗೆ ಮುಗಿಯಿತು. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಆಮ್ಲರಹಿತ ರಟ್ಟಿನ ಆಸರೆ ಕೊಟ್ಟು, ಪಿವಿಸಿ ಅಲ್ಲದ ಪಾಲಿಯೆಸ್ಟರ್ ಹೊದಿಕೆಯಲ್ಲಿರಿಸಿ, ಬಿಸಿಲು ಮತ್ತು ತೇವ ತಾಗದ ಕಡೆ ಮಲಗಿಸಿಡಿ. ಸೆಲ್ಲೋ ಟೇಪನ್ನು ಹತ್ತಿರವೂ ತರಬೇಡಿ. ಗೋಡೆಗೆ ತಗುಲಿದ ಮರದ ಬೀರು ಗೆದ್ದಲಿಗೆ ಹೆದ್ದಾರಿಯಿದ್ದಂತೆ.

ಪ್ರಶ್ನೆ: ನಮ್ಮ ತಾತನವರ ಪೆಟ್ಟಿಗೆಯಲ್ಲಿ 1920ರ ದಶಕದ ಮುಂಬಯಿ ಮೂಕಿ ಚಿತ್ರಗಳ ಕರಪತ್ರಗಳು ಮತ್ತು ಕೆಲವು ಕನ್ನಡ ಟಾಕಿಗಳ ಹಾಡಿನ ಪುಸ್ತಕಗಳು ಸಿಕ್ಕಿವೆ. ಅಮೆರಿಕದಲ್ಲಿರುವ ಮಗ, ಅಲ್ಲಿ ಒಳ್ಳೆಯ ಬೆಲೆ ಬರುತ್ತದೆ, ಕಳಿಸಿಕೊಡಿ ಎನ್ನುತ್ತಿದ್ದಾನೆ. (ಮೈಸೂರು)

ಉತ್ತರ: ಕಳಿಸುವ ಮುನ್ನ ಕಾನೂನನ್ನು ನೋಡಿಕೊಳ್ಳಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯು ಐತಿಹಾಸಿಕ, ಸಾಹಿತ್ಯಕ ಅಥವಾ ಕಲಾತ್ಮಕ ಮೌಲ್ಯವುಳ್ಳ ದಾಖಲೆಯೊಂದು 75 ವರ್ಷ ದಾಟಿದ್ದರೆ ಅದನ್ನೂ ಪುರಾವಸ್ತುವೆಂದೇ ಪರಿಗಣಿಸುತ್ತದೆ, ಮತ್ತು ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಕರಪತ್ರಗಳು ಆ ವ್ಯಾಖ್ಯೆಯೊಳಗೆ ಬರುತ್ತವೆಯೇ ಎಂಬುದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳಿ, ಬರುವುದಿಲ್ಲವೆಂದಾದರೆ ಅದಕ್ಕೆ ಪ್ರಮಾಣಪತ್ರ ಪಡೆದು, ಆಮೇಲೆ ಮುಂದಿನ ಮಾತು. ದೇಶದೊಳಗೆ ಮಾರಲು ಈ ತೊಡಕಿಲ್ಲ.

ಆದರೆ ಅವಸರ ಯಾವ ಕಾರಣಕ್ಕೂ ಬೇಡ. 1913ರ 'ರಾಜಾ ಹರಿಶ್ಚಂದ್ರ'ದಿಂದ ಮೊದಲ್ಗೊಂಡು ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಿ ಚಿತ್ರಗಳಲ್ಲಿ ಉಳಿದಿರುವುದು ತೀರ ಕೆಲವೇ. ಹಲವು ಕರಪತ್ರಗಳಲ್ಲಿ ಕಥಾಸಾರ ಮುದ್ರಿತವಾಗಿರುತ್ತಿದ್ದ ಕಾರಣ, ಚಿತ್ರದಲ್ಲಿ ಏನಿತ್ತೆಂದು ತಿಳಿಯಲು ಎಷ್ಟೋ ಸಲ ಅವೇ ಗತಿ. ಕಟ್ಟಿನಲ್ಲಿ ಮೈಸೂರು ಸೀಮೆಗೆ ಸೇರಿದ್ದೇನಾದರೂ ಇದೆಯೇ ಎಂದು ಒಂದೊಂದಾಗಿ ನೋಡಿ: ಟಿ. ಪಿ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ, ಮೋಹನ್ ಭವನಾನಿಯವರ 'ವಸಂತಸೇನಾ' ಮೂಕಿಯ ಒಂದು ಹಾಳೆಯಾಗಲಿ, ಬೆಂಗಳೂರಿನ ಸೂರ್ಯ ಫಿಲ್ಮ್ ಕಂಪನಿಯ ಒಂದು ಕರಪತ್ರವಾಗಲಿ, 1934ರ 'ಸತಿ ಸುಲೋಚನ'ದ ಹಾಡಿನ ಪುಸ್ತಕವಾಗಲಿ ಇದ್ದರೆ, ಮೊದಲು ಅದನ್ನು ಸ್ಕ್ಯಾನ್ ಮಾಡಿಸಿ. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಫಿಲ್ಮುಗಳ ಜೊತೆಗೆ ಭಿತ್ತಿಪತ್ರ, ಹಾಡಿನ ಪುಸ್ತಕಗಳನ್ನೂ ಕಾಪಿಡುತ್ತದೆ. ಮಾರುವುದೇ ನಿಶ್ಚಯವಾದರೆ, ಅಮೆರಿಕದ ಕೊಳ್ಳುಗರಿಗೆ ಕೈಲಾಸಂ ಯಾರೆಂದು ಗೊತ್ತಿರಲಾರದು ಎಂಬುದನ್ನೂ ಮಗನಿಗೆ ತಿಳಿಸಿ. ಇಂಥ ಕಾಗದಕ್ಕೆ ಬೆಂಗಳೂರು, ಮುಂಬಯಿಗಳ ಸಂಗ್ರಾಹಕರೇ ಹೆಚ್ಚು ಕೊಟ್ಟಾರು.